ಕೆಂದಾಕಳು ಗೊಡ್ಡಂತೆ!

ಮೋರಟಗಿಯ ನಮ್ಮ ಅಕ್ಕನ ಮನೆಯ ಕೆಂದಾಕಳು ಗೊಡ್ಡು ಎಂದು ಅರ್ಧ ಊರು ತೀರ್ಮಾನಿಸಿಬಿಟ್ಟಿತ್ತು. (ಉಳಿದರ್ಧ ಊರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.)

ಪುರಾವೆ ಏನು? ಹೋರಿ ಬಿಡಿಸಿದ ಮೇಲೂ ಆಕಳು ಬೆದೆಗೆ ಬಂದ ಹಾಗೆ ಒದರಿತಂತೆ. ಅಕ್ಕನ ಅತ್ತೆಗೆ ಅಷ್ಟು ಸಾಕು. "ಸಂತಿಗೆ ಹೊಡೀರಿ" ಎಂದರು. ಭಾವನಿಗೆ ಮನಸ್ಸು ಬರಲಿಲ್ಲ. ಸಿಂದಗಿಯಿಂದ ದನದ ಡಾಕ್ಟರನ್ನು ಕರೆಸಿದ.

ಹೋದ ವಾರ ನಾನು ಅಲ್ಲಿದ್ದೆ. ಆಕಳಿಗಾಗಿ ಅಲ್ಲ. ಅಕ್ಕನಿಗೆ ಮಕ್ಕಳಾಗಿಲ್ಲ. ಭಾವನಿಗೆ ಎರಡನೇ ಹೆಣ್ಣು ನೋಡಲು ತಾಯಿ, ಮಗ ಮುದ್ದೇಬಿಹಾಳಕ್ಕೆ ಹೊರಟಿದ್ದಾರೆಂದು ತಿಳಿದು ಓಡಿಹೋಗಿದ್ದೆ.

ಡಾಕ್ಟರು ತೋಳಿಗೆ ಎಣ್ಣೆ ಹಚ್ಚಿಕೊಂಡು, ಆಕಳ ಹಿಂದಿನಿಂದ ಕೈ ಹಾಕಿ ಗರ್ಭಕೋಶ ಮುಟ್ಟಿ ನೋಡಿದರು.

"ಈಗ ಏನೂ ಹೇಳಾಕ ಬರಂಗಿಲ್ರಿ. ಮುಂದಿನ ತಿಂಗಳ ಮತ್ತೊಮ್ಮೆ ನೋಡೂಣು."

"ಅದು ಒದರಿತಲ್ರೀ?" ಅತ್ತೆ ಬಿಡಲಿಲ್ಲ.

"ಗಬ್ಬ ಇದ್ದದ್ದೂ ಒಮ್ಮೊಮ್ಮೆ ಒದರತೈತ್ರಿ ಅವ್ವಾರ. ಸುಮ್ಮನ ಇದ್ದದ್ದೆಲ್ಲಾ ಗಬ್ಬ ಅಲ್ಲ. ನನ್ನ ಕೈನೂ ಮೋಸ ಹೋಗತೈತಿ, ಅದಕ್ಕ ಎರಡ ಸಲ ನೋಡೂದು." ಕೈ ತೊಳೆಯುತ್ತ ಇನ್ನೊಂದು ಮಾತು ಸೇರಿಸಿದರು. "ಹೋರಿನೂ ನೋಡಬೇಕ್ರಿ. ಎಲ್ಲಾ ಆಕಳಿನ ಮ್ಯಾಗ ಹಾಕಿದ್ರ ಹೆಂಗ?"

ನನಗೆ ಡಾಕ್ಟರು ಹಿಡಿಸಿಬಿಟ್ಟರು. ಗೊತ್ತಿಲ್ಲ ಎನ್ನುವ ಧೈರ್ಯ ಎಷ್ಟು ಜನಕ್ಕಿದೆ ಹೇಳಿ? ನಾವೋ, ಗ್ಯಾರಂಟಿ ಕೊಟ್ಟವರ ಹಿಂದೆಯೇ ಓಡುವ ಜನ. ಭಾವನೂ ತಲೆಯಾಡಿಸಿದ. ಆಕಳು ಬಚಾವಾಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕ ಸದ್ದಿಲ್ಲದೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಭಾವ ಇಸ್ತ್ರಿ ಅಂಗಿ ತೊಟ್ಟು ಮುದ್ದೇಬಿಹಾಳದ ಬಸ್ಸಿಗೆ ಹೊರಟ. ಹಿಂದೆ ಅತ್ತೆ. ಹೊಸ್ತಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲ.

"ಆಕಳನ್ನ ಎರಡ ಸಲ ನೋಡಸ್ತೀರಿ. ನನ್ನ ಒಮ್ಮೆರ ಯಾರಿಗೆ ತೋರಿಸೀರಿ? ಬಿಜಾಪುರದಾಗ ದೊಡ್ಡ ದವಾಖಾನಿ ಐತಿ. ನಾ ತಯಾರ ಅದೇನಿ. ನೀವೂ ಬರ್ರಿ."

ಜೋರಾಗಿ ಮಾತಾಡಿದವಳಲ್ಲ ನಮ್ಮ ಅಕ್ಕ. ಅವತ್ತೂ ಜೋರಾಗಿ ಆಡಲಿಲ್ಲ. ಅತ್ತೆ ಮಗನ ಮುಖ ನೋಡಿದರು. ಮಗ ಚಪ್ಪಲಿ ನೋಡಿಕೊಂಡ.

"ನಾನ್ಯಾಕ?" ಎಂದ.

ಪಾಪ, ಆ ಹೋರಿ ಕೂಡ ಹೀಗೆ ಕೇಳಿರಲಿಲ್ಲ.