ತೊಡೆಸಂದಿನ ಗಂಟು

ಬಳ್ಳಾರಿಗೆ ಪ್ಲೇಗು ಬಂದ ಮೊದಲ ವರ್ಷ. ನಮ್ಮ ವಂಶದಲ್ಲಿ ಬಿ.ಎ. ಮುಗಿಸಿದವನು ನಾನೊಬ್ಬನೇ, ಮದ್ರಾಸಿನಲ್ಲಿ ಶರೀರಶಾಸ್ತ್ರ ಓದಿ ಪಾಸಾಗಿದ್ದೆ. ಸಿರುಗುಪ್ಪದ ಗದ್ದೆಗಳಲ್ಲಿ ಕೆಸರು ತುಳಿದು ಓದಿಸಿದವನು ಅಣ್ಣ. ಅವನ ತೊಡೆಸಂದಿನಲ್ಲಿ ಗಂಟೆದ್ದಿದೆ, ಕುರುಗೋಡಿನ ಅತ್ತೆಯ ಮನೆಯಲ್ಲಿದ್ದಾನೆ ಎಂದು ಸುದ್ದಿ ಬಂದಾಗ ಓಡಿದೆ. ಸರ್ಕಾರದ ಪ್ಲೇಗು ತಪಾಸಣೆಯವರು ಮೈ ಮುಟ್ಟಿ ನೋಡಿ, ಗಂಟು ಸಿಕ್ಕವರನ್ನು ಊರಾಚೆಯ ಶೆಡ್ಡಿಗೆ ತಳ್ಳುತ್ತಿದ್ದರು. ಅಲ್ಲಿ ಪ್ಲೇಗಿನವರ ಮಗ್ಗುಲಲ್ಲಿ ಮಲಗಿ ಬದುಕಿ ಬಂದವರು ಕಡಿಮೆ.

ಅತ್ತೆ ಒಲೆಯಲ್ಲಿ ಕುಡುಗೋಲು ಕಾಯಿಸುತ್ತಿದ್ದಳು. ಗಂಟಿನ ಮೇಲೆ ಬರೆ ಎಳೆದರೆ ತಪಾಸಣೆಯವನು ಅಲ್ಲಿ ಕೈಯಿಡುವುದಿಲ್ಲ ಎಂದು ಅವಳ ನಂಬಿಕೆ.

"ಬ್ಯಾಡತ್ತೀ. ಮೊದ್ಲು ಕಾಲು ನೋಡ್ತೀನಿ."

"ಗಂಟಿರೋದು ಸಂದ್ಯಾಗ. ಕಾಲು ನೋಡಿ ಏನ್ ಮಾಡ್ತೀಯೋ, ಬೀಯೇ ಸಾಹೇಬಾ?"

ಮುಳ್ಳು ಚುಚ್ಚಿದ ಹಿಮ್ಮಡಿಗೆ ಸಗಣಿ, ಸುಣ್ಣ ಮೆತ್ತಿ ಕಟ್ಟಿದ್ದರು. ಬಟ್ಟೆ ಬಿಚ್ಚಿದರೆ ಚರ್ಮವೂ ಕಿತ್ತು ಬಂತು. ಹಸಿರು ಕೀವು, ಅದರೊಳಗೆ ಬಿಳಿ ಹುಳ. ಹಿತ್ತಲಿಗೆ ಹೋಗಿ ಕಾರಿಕೊಂಡೆ.

"ಈ ಕಾಲೇ ಲೇ, ನಿನ್ನ ಮದ್ರಾಸಿಗೆ ಕಳಿಸಿದ್ದು," ಎಂದು ಅಣ್ಣ ನಕ್ಕ.

ಹಿಮ್ಮಡಿಯಿಂದ ತೊಡೆಯವರೆಗೆ ಕೆಂಪು ಗೆರೆ ಹತ್ತಿತ್ತು. ರಕ್ತದಿಂದ ಮಾಂಸದೊಳಕ್ಕೆ ತಿಳಿನೀರು ಸೋರುತ್ತಲೇ ಇರುತ್ತದೆ. ಕೂದಲಿನಂಥ ನಾಳಗಳು ಅದನ್ನು ಹೀರಿ, ನಾವು ಓಡಾಡಿದಂತೆಲ್ಲ ಮೇಲೇರಿಸಿ, ಕೊರಳ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ನಡುವೆ ಅಲ್ಲಲ್ಲಿ ಗಂಟುಗಳಿದ್ದು ಸೋಸುತ್ತವೆ. ಹಿಮ್ಮಡಿಯ ಹೊಲಸನ್ನು ತಡೆದೇ ಅಣ್ಣನ ಗಂಟು ಊದಿತ್ತು. ಪ್ಲೇಗಾಗಿದ್ದರೆ ಗಂಟೆದ್ದ ಮೇಲೂ ಅವನು ಎಂಟು ದಿನ ಕುಂಟುತ್ತಾದರೂ ಓಡಾಡುತ್ತಿದ್ದನೇ? ಕಾಯಿಸಿದ ಕುಡುಗೋಲನ್ನು ನೀರಿಗೆ ಅದ್ದಿ, ಅವನನ್ನು ಬಂಡಿ ಹತ್ತಿಸಿದೆ. ಮುಳ್ಳು ತೆಗೆಯಬೇಕಾದರೆ ಬಳ್ಳಾರಿಯ ದವಾಖಾನೆಗೇ ಹೋಗಬೇಕಿತ್ತು.

ಬಳ್ಳಾರಿಯ ಊರ ಬಾಗಿಲಲ್ಲಿ ತಪಾಸಣೆಯವನು ನಿಂತಿದ್ದ. ಒಬ್ಬನ ಸಂದಿಯಲ್ಲಿಟ್ಟ ಕೈಯನ್ನು ತೊಳೆಯದೆ ಇನ್ನೊಬ್ಬನ ಕಂಕುಳಿಗೆ ಹಾಕುತ್ತಿದ್ದ. ಅದೇ ಕೈಯಿಂದ ಮೀಸೆ ಒರೆಸಿಕೊಂಡು ಅಣ್ಣನನ್ನೂ ಮುಟ್ಟಿದ.

"ಗಂಟೈತಿ. ಶೆಡ್ಡಿಗೆ ನಡೀ."

"ಸ್ವಾಮೀ, ನಾನು ಬಿ.ಎ. ಓದೀನ್ರಿ. ಇದು ಪ್ಲೇಗಲ್ರಿ, ಹೇಳ್ತೀನಿ ಕೇಳ್ರಿ..."

"ಬಿ.ಎ. ಆದ್ರ ನಿನ್ ಮನ್ಯಾಗ. ಎಳ್ಕೊಂಡ್ ಹೋಗ್ರಲೇ!"

ಜವಾನರು ಅಣ್ಣನ ರಟ್ಟೆ ಹಿಡಿದರು. ನಾನು ಮತ್ತೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕಾಲನ್ನು ತಪಾಸಣೆಯವನ ಮುಖದತ್ತ ಎತ್ತಿ, ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಕೀವು ಚಿಮ್ಮಿತು. ಅವನು ಮೂಗು ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದ.

"ಥೂ, ಇದೇನು ಹುಣ್ಣೋ! ದವಾಖಾನಿಗೆ ಒಯ್ಯಿ ಮಾರಾಯಾ, ಮೊದ್ಲು ಇಲ್ಲಿಂದ ಹೋಗು!"

ದವಾಖಾನೆಯಲ್ಲಿ ಹಿಮ್ಮಡಿ ಕೊಯ್ದು ಮುಳ್ಳು ತೆಗೆದರು, ಗಂಟು ಇಳಿಯಿತು. ಅಣ್ಣನನ್ನು ಉಳಿಸಿದ್ದು ನನ್ನ ಓದಲ್ಲ, ಆ ನಾತ. ಇದನ್ನು ಬರೆಯುವಾಗಲೂ ನನಗೆ ಹೇಸಿಗೆಯಾಗುತ್ತದೆ.