ಕಾಮೆಂಟ್ರಿಯವನಿಗೆ ಇಟ್ಟ ಎಡೆ

ನಮ್ಮ ಮನೆಯ ಟೀವಿಗೆ ಬಾಯಿಲ್ಲ, ರೇಡಿಯೋಗೆ ಕಣ್ಣಿಲ್ಲ. ಎರಡಕ್ಕೂ ಗಂಟು ಹಾಕಿದ ಪುಣ್ಯಾತ್ಮರು ನನ್ನ ಗಂಡ. ತೊಂಬತ್ತರ ದಶಕದಲ್ಲಿ, ಬೆಂಗಳೂರಿನಲ್ಲಿ ಕ್ರಿಕೆಟ್ ಇದ್ದ ದಿನ ಟೀವಿಯ ಸದ್ದು ಪೂರ್ತಿ ಅಡಗಿಸಿ, ಪಕ್ಕದಲ್ಲಿ ರೇಡಿಯೋ ಇಟ್ಟು ಕನ್ನಡ ಕಾಮೆಂಟ್ರಿ ಹಾಕುತ್ತಿದ್ದರು. ರೇಡಿಯೋ ನನ್ನದು. ಕಳಲೆಯ ತವರಿನಿಂದ ಬಂದದ್ದು. ಮಗಳು ಹಾಡು ಕೇಳಲಿ ಎಂದು ಅಪ್ಪ ಕೊಡಿಸಿದ್ದರು. ಕೇಳಿದೆ, ಕೇಳಿದೆ, ಕಿವಿ ತೂತು ಬೀಳುವಷ್ಟು ಕ್ರಿಕೆಟ್ ಕೇಳಿದೆ.

ಆ ಕಾಮೆಂಟ್ರಿಯವನು ಟಿ. ನರಸೀಪುರದವನಂತೆ. ನನ್ನ ಗಂಡನ ಊರೂ ಅದೇ. ಇಷ್ಟು ಸಾಲದೇ? "ನಮ್ಮೋರು ಕಣೇ!" ಎಂದು ನಾವಿದ್ದ ನಂಜನಗೂಡಿನ ಇಡೀ ಬೀದಿಗೆ ಕೇಳುವಂತೆ ಎದೆಯುಬ್ಬಿಸುತ್ತಿದ್ದರು. ಅವನ ಮುಖವನ್ನು ಇವರೂ ನೋಡಿಲ್ಲ, ಇವರಪ್ಪನೂ ನೋಡಿಲ್ಲ. ನಾನಂತೂ ಅವನಿಗೆ ಸವತಿ ಎಂದೇ ಹೆಸರಿಟ್ಟಿದ್ದೆ.

ಅವನ ಬಾಯೋ, ಬೀಗವಿಲ್ಲದ ಬಾಯಿ. ಚೆಂಡು ಬೌಂಡರಿ ಮುಟ್ಟುವಷ್ಟರಲ್ಲಿ ಮೋಡದ ಬಣ್ಣ, ಮರದ ನೆರಳು, ಕಡಲೆಕಾಯಿ ಮಾರುವವನ ಟೋಪಿ, ಎಲ್ಲ ಹೇಳಿ ಮುಗಿಸುತ್ತಿದ್ದ. ಕೊನೆಗೆ ನೆನಪಾದರೆ ರನ್ನು ಹೇಳುತ್ತಿದ್ದ.

ಮಳೆ ಬಂದು ಆಟ ನಿಂತರೆ ನನ್ನ ಗಂಡ, ತಾಂಡ್ಯದ ಫ್ಯಾಕ್ಟರಿಯಲ್ಲಿ ಅವರ ಜೊತೆ ದುಡಿಯುವ ಇಬ್ಬರು ಗೆಳೆಯರು, ಮೂವರೂ ಬೀಡಿ ಸೇದಲು ಎದ್ದು ಹೋಗುವರು. ರೇಡಿಯೋ ಆರಿಸುವಷ್ಟು ಸೌಜನ್ಯವೂ ಇಲ್ಲ. ಆಗ ಅವನು ಖಾಲಿ ಮೈದಾನದ ಮುಂದೆ ಒಬ್ಬನೇ ಮಾತಾಡುತ್ತಿದ್ದ, ನಾನು ಒಬ್ಬಳೇ ಅವರೆಕಾಯಿ ಸುಲಿಯುತ್ತಿದ್ದೆ. ತನ್ನವ್ವ ಮಾಡುತ್ತಿದ್ದ ಹುರುಳಿಕಟ್ಟಿನ ಸಾರು, ಹೊಳೆಯಲ್ಲಿ ಈಜಿ ಒದೆ ತಿಂದದ್ದು, ಎಲ್ಲ ಹೇಳುತ್ತಿದ್ದ. ಒಮ್ಮೆ ಹೇಳಿದ: "ನಂಜನಗೂಡಿನ ರಸಬಾಳೆ ಅಂದರೆ ನನಗೆ ಪ್ರಾಣ. ಆದರೆ ತಿಂದರೆ ಮಾರನೆಯ ದಿನ ಗಂಟಲು ಕಟ್ಟುತ್ತದೆ. ಮೈಕು ಹಿಡಿದ ಮೇಲೆ ಒಂದು ಹಣ್ಣೂ ಮುಟ್ಟಿಲ್ಲ."

"ತಿನ್ನಪ್ಪಾ, ಕಟ್ಲಿ. ಊರಿಗಾದ್ರೂ ನಿದ್ದೆ ಬರ್ಲಿ," ಎಂದೆ ರೇಡಿಯೋಗೆ.

ಎರಡು ಸಾವಿರ ಇಸವಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅವನು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತು. ಗಂಡ ಕಾಫಿ ಮುಟ್ಟಲಿಲ್ಲ. ಮಣ್ಣು ಬೆಂಗಳೂರಿನಲ್ಲೇ ಆಗಿಹೋಗಿತ್ತು. ನಮ್ಮ ಕಡೆ ಸತ್ತ ಮೂರನೆಯ ದಿನ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು ಕಾಗೆಗಾಗಿ ಕಾಯುತ್ತೇವೆ. ಕಾಗೆ ಮುಟ್ಟದಿದ್ದರೆ ಅವರಿಗೆ ಏನೋ ಕೊರತೆ ಉಳಿದಿದೆ ಎಂದು ಅರ್ಥ.

"ನಾವೂ ಒಂದ್ ಎಡೆ ಮಡಗ್ಬೇಕು ಕಣ್ಲಾ," ಎಂದ ಒಬ್ಬ ಗೆಳೆಯ.

ಸರಿ, ಮೂವರು ಪಂಡಿತರು ಸೇರಿದರು. ಫೋಟೋ ಇಲ್ಲ. ಅದಕ್ಕೇನಂತೆ? ಹಿತ್ತಲಿಗೆ ನನ್ನ ರೇಡಿಯೋ ತಂದು, ಕುಂಕುಮ ಬಳಿದು ಹಾರ ಹಾಕಿದರು!

"ನಿಮ್ ಮನೆ ಕಾಯೋಗ! ನನ್ ತವರಿನ ರೇಡಿಯೋಗೂ ತಿಥಿ ಮಾಡ್ತೀರೇನ್ರೋ?" ಎಂದು ಕೂಗಾಡಿದೆ. ಯಾರು ಕೇಳಬೇಕು?

ಎಲೆಯ ಮೇಲೆ ಮಿಕ್ಚರ್, ಸಿಗರೇಟು, ನಡುವೆ ಒಂದು ಚಿಪ್ಪು ರಸಬಾಳೆ. ಅದನ್ನು ನೋಡಿ ನನಗೆ ರೇಗಿತು.

"ಅದನ್ನ ತೆಗೀರಿ. ಅವ್ರು ರಸಬಾಳೆ ತಿನ್ನಲ್ಲ. ಗಂಟ್ಲು ಕಟ್ಟುತ್ತೆ."

"ನಿಂಗ್ಯಾರೇ ಏಳುದ್ರು?" ಎಂದರು ಗಂಡ.

"ಅವ್ರೇ. ಮಳೆ ಬಂದಾಗ. ನೀವು ಬೀಡಿ ಸೇದ್ತಿದ್ರಲ್ಲ, ಆಗ."

ಮೂವರೂ ನನ್ನನ್ನೇ ನೋಡಿದರು. ಅಷ್ಟು ವರ್ಷ ಖಾಲಿ ಮೈದಾನಕ್ಕೆ ಮಾತಾಡಿದವನಿಗೆ ಕೊನೆಯ ಊಟವಾದರೂ ನೆಟ್ಟಗೆ ಸಿಗಬೇಕು ಎಂದು ನನಗೆ ಹಟ ಬಂತು. ಹಣ್ಣನ್ನು ಎಲೆಯ ತುದಿಗೆ ತಳ್ಳಿ, ಒಳಗೆ ಹೋಗಿ ಮುದ್ದೆ ತಿರುವಿ, ಹುರುಳಿಕಟ್ಟಿನ ಸಾರು ಮಾಡಿ ತಂದು ಬಡಿಸಿದೆ.

ಕಾಗೆ ಬಂತು. ಗೋಡೆಯ ಮೇಲೆ ಕೂತಿತು. ಇಳಿಯಲೊಲ್ಲದು.

"ಸಾ, ತಪ್ಪಾಗಿದ್ರೆ ಒಟ್ಟೆಗೆ ಆಕ್ಕಳಿ. ನಿಮ್ ಕಾಮೆಂಟ್ರಿ ಮರೆಯಲ್ಲ ಸಾ," ಎಂದು ಗೆಳೆಯರು ಕೈ ಮುಗಿದರು. ನಾನೂ ಮುಗಿದೆ. ಸಾರು ಕೆಟ್ಟಿತೇನೋ ಎಂದು ಒಳಗೆ ಹೋಗಿ ಸೌಟು ನೆಕ್ಕಿ ನೋಡಿ ಬಂದೆ.

ಕಾಗೆ ಇಳಿಯಿತು. ನನ್ನ ಮುದ್ದೆಯನ್ನು ದಾಟಿ, ಸಾರನ್ನು ದಾಟಿ, ಎಲೆಯ ತುದಿಗೆ ಹೋಗಿ ರಸಬಾಳೆಗೆ ಕೊಕ್ಕು ಹಾಕಿತು.

"ನೋಡ್ದಾ?" ಗಂಡ ತೊಡೆ ತಟ್ಟಿಕೊಂಡರು. "ತಿನ್ನಲ್ವಂತೆ! ಬಂದ್ಬುಟ್ಲು ಏಳಕ್ಕೆ!"

ತಿರುಗಿ ಬೈಯಲು ಬಾಯಿ ತೆರೆದೆ. ಕಾಗೆ ಒಂದು ಹಣ್ಣು ಮುಗಿಸಿ ಇನ್ನೊಂದಕ್ಕೆ ಬಾಯಿ ಹಾಕಿತ್ತು.

"ತಿನ್ಲಿ ಬಿಡ್ರೀ," ಎಂದೆ. "ನಾಳೆ ಮಾತಾಡೋದಿಲ್ವಲ್ಲ ಅವ್ರು."

ಗಂಡನ ನಗು ನಿಂತಿತು. ನಾನು ಸೆರಗು ಬಾಯಿಗೊತ್ತಿಕೊಂಡು, ಆ ಸವತಿಗಾಗಿ ಜೋರಾಗಿ ಅತ್ತೆ.