ಅರ್ಧ ಪಾಲಿಶಿನ ಕಲ್ಲು

ನಾನು ಕಲಿತದ್ದು ಏಳನೇ ಇಯತ್ತೆ. ನನಗೆ ಬರುವ ಇಂಗ್ಲಿಷ್ ಶಬ್ದಗಳೆಲ್ಲ ನನ್ನ ಗಂಡನ ಕೆಲಸದಿಂದ ಮನೆಗೆ ಬಂದವು. ಅವರು ಖಾನಾಪುರದಿಂದ ಮುಂಜಾನೆಯ ಪ್ಯಾಸೆಂಜರ್ ಹಿಡಿದು ಬೆಳಗಾವಿಗೆ ಹೋಗಿ, ವಡಗಾವಿಯ ಆಚೆಯ ಒಂದು ಕಾರ್ಖಾನೆಯಲ್ಲಿ ಗ್ರಾನೈಟಿಗೆ ಹೊಳಪು ಕೊಡುತ್ತಿದ್ದರು. ಊಟಕ್ಕೆ ಕುಳಿತಾಗ ಒಂದೊಂದೇ ಶಬ್ದ ಹೇಳುತ್ತಿದ್ದರು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಳ್ಳುತ್ತಿದ್ದೆ. ರಫ್ ಅಂದರೆ ಗಣಿಯಿಂದ ಬಂದ ಒರಟು ಕಲ್ಲು. ಗ್ರಿಟ್ ಅಂದರೆ ಉಜ್ಜುವ ಬಿಲ್ಲೆಯ ತರಿ. ನಂಬರು ಏರಿದಷ್ಟೂ ತರಿ ಸಣ್ಣದು. ಮಿರರ್ ಫಿನಿಶ್ ಅಂದರೆ ಮುಖ ಕಾಣುವಷ್ಟು ನುಣುಪು. ನನ್ನ ಅಂಗೈ ಮುಟ್ಟಿ, ಇದು ಇನ್ನೂ ರಫ್ ಐತಿ ಎಂದು ಚಾಷ್ಟಿ ಮಾಡುತ್ತಿದ್ದರು. ನಾಲ್ಕು ದಿನ ನೀವು ಭಾಂಡಿ ತಿಕ್ಕಿ ನೋಡ್ರಿ ಎನ್ನುತ್ತಿದ್ದೆ.

ಕಲ್ಲಿನ ಮೇಲೆ ನೀರು ಹರಿಸುತ್ತ ಉಜ್ಜಿದರೆ ಧೂಳು ಏಳುವುದಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ನೀರಿದ್ದರೆ ಹೊಳಪು ಎಷ್ಟು ಬಂತೆಂದು ಕಾಣುವುದಿಲ್ಲ, ಕೆಲಸವೂ ತಡ. ಅದಕ್ಕೆ ಒಣಗಲ್ಲನ್ನೇ ಉಜ್ಜುತ್ತಿದ್ದರು. ಧೂಳಿಗೆ ಔಷಧ ಬೆಲ್ಲ. ಬಾಯಲ್ಲಿ ಬೆಲ್ಲ ಇಟ್ಟುಕೊಂಡರೆ ಧೂಳು ಅದಕ್ಕೆ ಅಂಟಿ ಹೊಟ್ಟೆಗೆ ಇಳಿದುಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನು ಎಲ್ಲರಿಗಿಂತ ಹೆಚ್ಚು ನಂಬಿದ್ದೆ. ದಿನಾ ಅವರ ಡಬ್ಬಿಯಲ್ಲಿ ರೊಟ್ಟಿಯ ಬಾಜೂಕೆ ಒಂದು ಹೆಂಟೆ ಬೆಲ್ಲ ಇಡುತ್ತಿದ್ದೆ. ಕೆಮ್ಮು ಶುರುವಾದ ಮೇಲೆ ಎರಡು ಇಟ್ಟೆ.

ಮೊದಲು ನೋಡಿದ ಡಾಕ್ಟರು ಇರಿಟೇಶನ್ ಅಂದರು. ಅದನ್ನೂ ಬರೆದುಕೊಂಡೆ. ಪಕ್ಕದ ಮನೆಯ ಮಾಸ್ತರರು ಅದರ ಅರ್ಥ ಕಿರಿಕಿರಿ ಎಂದರು. ಕಿರಿಕಿರಿ ಎಂದರೆ ನನ್ನ ಲೆಕ್ಕದಲ್ಲಿ ಕಣ್ಣಿಗೆ ಬಿದ್ದ ಕಸ, ಹೊಸ ಸೀರೆಯ ಗಂಜಿ. ಇಬ್ಬರಿಗೂ ಸಮಾಧಾನವಾಯಿತು. ಅವರು ಮತ್ತೆ ಒಂದೂವರೆ ವರ್ಷ ಕೆಲಸಕ್ಕೆ ಹೋದರು. ಕೊನೆಗೆ ಬೆಳಗಾವಿಯಲ್ಲಿ ಎಕ್ಸ್‌ರೇ ಹಿಡಿದು ತೋರಿಸಿದ ಡಾಕ್ಟರು ಹೇಳಿದ ಶಬ್ದವನ್ನು ನಾನು ಬರೆದುಕೊಳ್ಳಲಿಲ್ಲ. ಕ್ಯಾಲೆಂಡರಿನಲ್ಲಿ ಇನ್ನೂ ಜಾಗ ಇತ್ತು.

ಅವರ ಮಣ್ಣಿಗೆ ಬಂದ ಕಾರ್ಖಾನೆಯ ಮಾಲಕರು, ವರ್ಷದ ಕಾರ್ಯದ ಹೊತ್ತಿಗೆ ಸಮಾಧಿಗೆ ತಾವೇ ಕರಿಗಲ್ಲು ಕೊಡುವುದಾಗಿ ಹೇಳಿದರು. ಮೈದುನ ಕೈಮುಗಿದು ಒಪ್ಪಿಕೊಂಡ. ನಾನು ಹೂಂ ಅನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಅದು ನನ್ನ ಗಂಡನ ಕೈಯ ಕಸುಬು. ಅವರನ್ನು ತಿಂದದ್ದೂ ಅದೇ. ಅಂಥ ಕಲ್ಲನ್ನು ಅವರ ಮೇಲೆ ಹೊರಿಸಬಹುದೋ ಬಾರದೋ ತಿಳಿಯದೆ ವರ್ಷ ಕಳೆಯಿತು. ಎಂಟು ದಿನ ಉಳಿದಾಗ, ಕಣ್ಣಾರೆ ನೋಡಿ ತೀರ್ಮಾನಿಸೋಣವೆಂದು ಅದೇ ಪ್ಯಾಸೆಂಜರ್ ಹಿಡಿದು ಹೋದೆ.

ಅವರ ಜೋಡಿ ದುಡಿಯುತ್ತಿದ್ದವನೇ ಆ ಕಲ್ಲು ಉಜ್ಜುತ್ತಿದ್ದ. ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ನೀರಿನ ಪೈಪು ಗೋಡೆಯ ಮೇಲೆ ಒಣಗುತ್ತಿತ್ತು. ನನ್ನನ್ನು ಕಂಡು ಮಶೀನ್ ನಿಲ್ಲಿಸಿ, ಬಾಯಿಗೆ ಕಟ್ಟಿದ ಟವೆಲ್ ಇಳಿಸಿದ.

"ಬರ್ರಿ ವೈನಿ. ಅಣ್ಣನ ಕಲ್ಲು ಅಂತ ಬ್ಯಾರೇದವರಿಗೆ ಮುಟ್ಟಾಕ ಬಿಟ್ಟಿಲ್ಲ ನಾ."

ನೀರು ಯಾಕ ಬಿಟ್ಟಿಲ್ಲ ಎಂದು ಕೇಳಿದೆ. ಎಂಟೇ ದಿನ ಉಳಿದಾವಲ್ಲರೀ ಅಂದ. ಆಮೇಲೆ ನಾಲಿಗೆಯಿಂದ ಒಂದು ಗಲ್ಲ ಉಬ್ಬಿಸಿ ತೋರಿಸಿದ.

"ಚಿಂತಿ ಮಾಡಬ್ಯಾಡ್ರಿ, ಬಾಯಾಗ ಬೆಲ್ಲ ಐತಿ. ಅಣ್ಣನ ಡಬ್ಬ್ಯಾಗ ನೀವು ಇಡತಿದ್ರೆಲ್ಲ, ಅದನ್ನ ಕೇಳೇ ನಮ್ಮಾಕಿನೂ ಕಟ್ಟಿ ಕೊಡತಾಳ."

ನಾನು ಕಲ್ಲಿನ ಮೇಲೆ ಕೈ ಇಟ್ಟೆ. ಒಂದು ಬದಿಯಲ್ಲಿ ನನ್ನ ಮುಖ ಕಾಣುತ್ತಿತ್ತು, ಇನ್ನೊಂದು ಬದಿ ಬೂದಿಯಂತೆ ಮಂಕು.

"ಸಾಕು, ಇಷ್ಟಕ್ಕ ಬಿಡ್ರಿ. ಹಿಂಗ ಕಳಸ್ರಿ."

ಅವನು ವಾದ ಮಾಡಲಿಲ್ಲ. ದುಃಖದಾಗ ಅದಾಳ ಅಂದುಕೊಂಡಿರಬೇಕು. ನಾನು ಗೇಟು ದಾಟುವಷ್ಟರಲ್ಲಿ ಬೇರೆ ಯಾವುದೋ ಕಲ್ಲಿಗೆ ಮಶೀನ್ ಹಚ್ಚಿದ ಸಪ್ಪಳ ಕೇಳಿತು.

ಅರ್ಧ ಹೊಳೆಯುವ ಆ ಕಲ್ಲು ಖಾನಾಪುರದಲ್ಲಿ ಅವರ ಮೇಲೆ ಇದೆ. ಅಣ್ಣನ ಮರ್ಯಾದೆ ತೆಗೆದಳೆಂದು ಮೈದುನ ಇವತ್ತಿಗೂ ಮಾತಾಡುವುದಿಲ್ಲ. ಅದರ ಬಗ್ಗೆ ನನಗೆ ಏನೂ ಅನಿಸುವುದಿಲ್ಲ. ಆದರೆ ಅವತ್ತು ನಾನು ತಿರುಗಿ ಬರುವಾಗ, ಕಲ್ಲು ಉಜ್ಜುತ್ತಿದ್ದವನ ಮನೆ ಸ್ಟೇಶನ್ನಿಗೆ ಹೋಗುವ ದಾರಿಯಲ್ಲೇ ಇತ್ತು. ಬಾಗಿಲಲ್ಲಿ ಅವನ ಹೆಂಡತಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಆ ಬೆಲ್ಲದಿಂದ ಧೂಳು ನಿಲ್ಲುವುದಿಲ್ಲ ಎಂದು ಅವಳಿಗೆ ಹೇಳಬಹುದಿತ್ತು. ಹೇಳಿದರೆ ನಾನು ಕಟ್ಟಿ ಕಳಿಸಿದ ಬೆಲ್ಲದ ಮಾತೂ ಬರುತ್ತಿತ್ತು. ರೈಲಿಗೆ ಹೊತ್ತಾಯಿತೆಂದು ಹೇಳಿ ನಾನು ಮುಂದೆ ನಡೆದೆ.